ಅತ್ತೆ ಒರಗಿದ್ದ ಪೆಟ್ಟಿಗೆ

"ಅಮ್ಮಾ, ಎದ್ದು ಈಚೆ ಬರ್ರಿ! ಏನೂ ಮುಟ್ಬ್ಯಾಡ್ರಿ!" ಎಲೆಕ್ಟ್ರಿಷಿಯನ್ ಕೂಗಿದ್ದು ಕೇಳಿ ನಾನು ಓಡಿ ಬಂದೆ. ಚಳ್ಳಕೆರೆಯ ನಮ್ಮ ಸಣ್ಣ ಎಣ್ಣೆ ಮಿಲ್ಲಿನ ಮೋಟಾರು ನೋಡಲು ಬಂದಿದ್ದವನು, ಶಾಖವನ್ನು ಬಣ್ಣವಾಗಿ ತೋರಿಸುವ ಕ್ಯಾಮೆರಾವನ್ನು ಸುಮ್ಮನೆ ಗೋಡೆಯತ್ತ ತಿರುಗಿಸಿದ್ದ. ಅಲ್ಲಿ ಕರೆಂಟಿನ ಕಬ್ಬಿಣದ ಪೆಟ್ಟಿಗೆಗೆ ಬೆನ್ನು ಕೊಟ್ಟು ನಮ್ಮತ್ತೆ ಶೇಂಗಾ ಹಸನು ಮಾಡುತ್ತಿದ್ದರು. ಪರದೆಯಲ್ಲಿ ಅತ್ತೆ ಕಿತ್ತಳೆ ಬಣ್ಣದಲ್ಲಿದ್ದರು. ಅವರ ಭುಜದ ಪಕ್ಕದಲ್ಲೇ ಪೆಟ್ಟಿಗೆ ಅದಕ್ಕಿಂತಲೂ ಬಿಸಿಯೆಂಬಂತೆ ಬೆಳ್ಳಗೆ ಹೊಳೆಯುತ್ತಿತ್ತು.

"ಯಾಕಪ್ಪಾ? ದಿನಾ ಇಲ್ಲೇ ಕೂರ್ತೀನಿ. ಬೆಚ್ಚಗೈತೆ, ಸೊಂಟಕ್ಕೆ ಹಿತ" ಎಂದು ಗೊಣಗುತ್ತಲೇ ಅತ್ತೆ ಎದ್ದು ಬಂದರು.

ಅವನು ಮೇನ್ ಆಫ್ ಮಾಡಿ ಪೆಟ್ಟಿಗೆಯ ಬಾಗಿಲು ತೆರೆದ. ಸಡಿಲವಾಗಿದ್ದ ತಿರುಪಿನ ಬಳಿ ವೈರಿನ ಹೊದಿಕೆ ಕರಗಿ ಇಳಿದಿತ್ತು. ಬರಿದಾದ ತಂತಿಗೂ ಪೆಟ್ಟಿಗೆಯ ತಗಡಿಗೂ ಬೆರಳು ತೂರುವಷ್ಟೂ ಜಾಗವಿರಲಿಲ್ಲ. "ಇದು ತಗಡಿಗೆ ತಾಗಿದ್ರೆ ಪೆಟ್ಟಿಗೆಗೇ ಕರೆಂಟ್ ಬರ್ತಿತ್ತು, ಅಮ್ಮ ಉಳೀತಿರ್ಲಿಲ್ಲ" ಎಂದ. ಅತ್ತೆ ನನ್ನ ಸೆರಗು ಹಿಡಿದು ನಿಂತರು.

ಹಳೆಯ ವೈರುಗಳನ್ನೆಲ್ಲ ಬದಲಾಯಿಸಿದೆವು. ಅಪಾಯವೆಂದರೆ ಹೊಗೆ, ಕಿಡಿ, ಸುಟ್ಟ ವಾಸನೆ ಎಂದುಕೊಂಡಿದ್ದೆ. ಅದು ಹಿತವಾದ ಬಿಸುಪಾಗಿ ಅತ್ತೆಯ ಬೆನ್ನಿಗೇ ತಾಗಿ ಕೂತಿರಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ.