ಬಾಷಾ ಚಾಚಾನ ಒಣಮೀನು

ರಾಯಚೂರಿನ ನಮ್ಮ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಬರುವವರಿಗೆ ಪಥ್ಯ ಹೇಳುವುದು ನನ್ನ ಕೆಲಸ. ದೇವದುರ್ಗದ ಬಾಷಾ ಚಾಚಾ ಬಹಳ ವರ್ಷ ಮಾಲ್ಡೀವ್ಸ್‌ನಲ್ಲಿ ಅಡುಗೆ ಮಾಡಿ ಬಂದವರು. ಅಲ್ಲಿ ಮೂರು ಹೊತ್ತೂ ಮೀನು. ಇಲ್ಲಿ ಅವರ ರಕ್ತದಲ್ಲಿ ರಂಜಕ, ಅಂದರೆ ಫಾಸ್ಫರಸ್, ಇಳಿಯುತ್ತಲೇ ಇರಲಿಲ್ಲ. ಹೀಗೇ ಬಿಟ್ಟರೆ ಮೂಳೆಗಳು ಸವೆಯುತ್ತವೆ. ಒಣಮೀನಿನಲ್ಲಿ, ಅದರ ಮುಳ್ಳಿನಲ್ಲಂತೂ, ರಂಜಕ ಬಹಳ.

“ಒಣಮೀನು ಬಿಟ್ಟೀರೇನ್ರೀ?”

“ಯಾವಾಗೋ ಬಿಟ್ಟೀನ್ರೀ ಮೇಡಂ.”

ಪಕ್ಕದಲ್ಲಿದ್ದ ಅವರ ಹೆಂಡತಿ ನಕ್ಕರು. “ಮುಳ್ಳು ಸಮೇತ ಕುಟ್ಟಿ, ಪುಡಿ ಮಾಡಿ ರೊಟ್ಟಿಗೆ ಹಚ್ಕೊಂತಾರ್ರೀ!”

“ಪುಡಿಗೆ ಯಾರರ ಮೀನಂತಾರೇನು?” ಚಾಚಾ ಸಿಟ್ಟಾದರು.

ಹೇಗೋ ಪುಡಿ ಬಿಡಿಸಿದೆ. ಮುಂದಿನ ತಿಂಗಳು ರಂಜಕ ಇಳಿದಿತ್ತು. ಖುಷಿಗೆ, “ವಾರಕ್ಕೊಮ್ಮೆ ಅಂಗೈಯಷ್ಟು ತಾಜಾ ಮೀನು ತಿನ್ರಿ” ಅಂದೆ.

ಚಾಚಾ ತಮ್ಮ ಕೈ ನೋಡಿಕೊಂಡರು. “ನಮ್ಮ ಭಾವ ಮಾನ್ವಿ ರೈಸ್‌ಮಿಲ್‌ನಾಗ ಹಮಾಲಿ ಮಾಡ್ತಾನ್ರೀ. ಅವನ ಅಂಗೈ ನಡೀತದೇನು?”

ಅಂದಿನಿಂದ ಅಂಗೈ ಅಂದಾಗಲೆಲ್ಲ ನನ್ನದನ್ನೇ ಚಾಚಿ ತೋರಿಸುತ್ತೇನೆ.