ನೆತ್ತಿಯಲ್ಲಿ ನಿಂತ ಎಣ್ಣೆ

ನಾವು ವಿಮಾನ ನಿಲ್ದಾಣದ ಪಕ್ಕದ ಯೂಲೆಸ್ ಊರಿನ ಅಪಾರ್ಟ್‌ಮೆಂಟಿನಲ್ಲಿದ್ದ ಆ ಕಾಲದಲ್ಲಿ ವಿಮಾನಗಳು ಅಡುಗೆಮನೆಯ ಕಿಟಕಿಗೆ ಹೊಟ್ಟೆ ಉಜ್ಜಿಕೊಂಡು ಹೋಗುತ್ತವೇನೋ ಅನ್ನುವಷ್ಟು ತಗ್ಗಿನಲ್ಲಿ ಇಳಿಯುತ್ತಿದ್ದವು. ವಿಮಾನ ಬಂದಾಗ ಮಾತು ನಿಲ್ಲಿಸಿ, ಅದು ಹೋದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುವುದು ನಮಗೆಲ್ಲ ರೂಢಿಯಾಗಿತ್ತು. ಧಾರವಾಡದಿಂದ ಬಂದ ಅಜ್ಜಿಗೂ ಎರಡೇ ವಾರದಲ್ಲಿ ಅದು ಬಂದುಬಿಟ್ಟಿತು.

ಅಜ್ಜಿ ಅಂದರೆ ಅಪ್ಪನ ತಾಯಿ. ನನ್ನ ತಮ್ಮ ಅನಿಲನಿಗೆ ಎರೆಯಲೆಂದೇ ಬಂದಿದ್ದರು. ಅವನಿಗೆ ನಾಲ್ಕು ತಿಂಗಳು, ನನಗೆ ಒಂಬತ್ತು ವರ್ಷ, ಬೇಸಿಗೆ ರಜೆ. ಬೆಳಿಗ್ಗೆ ಹತ್ತಕ್ಕೆ ಅಜ್ಜಿ ಸೀರೆ ಎತ್ತಿ ಕಟ್ಟಿ, ನೀರಿಲ್ಲದ ಬಾತ್‌ಟಬ್ಬಿನೊಳಗೆ ಇಳಿದು, ಕಾಲು ಚಾಚಿ ಕೂರುತ್ತಿದ್ದರು. ಮೊಣಕಾಲಿನ ಕೆಳಗೆ, ಎರಡೂ ಕಾಲುಗಳ ನಡುವಿನ ತಗ್ಗಿನಲ್ಲಿ ಅನಿಲ. ಹೊರಗೆ ಸ್ಟೂಲಿನ ಮೇಲೆ ಮಗ್ಗು ಹಿಡಿದು ನಾನು. ಔಡಲೆಣ್ಣೆ, ಕಡಲೆಹಿಟ್ಟು, ಬಿಸಿನೀರು, ಮೂರೂ ಸೇರಿದ ವಾಸನೆ ಮಧ್ಯಾಹ್ನದವರೆಗೂ ಟವೆಲ್ಲುಗಳಲ್ಲಿ ಇರುತ್ತಿತ್ತು.

ನಾನು ಲೈಬ್ರರಿಯಿಂದ ಮನುಷ್ಯ ದೇಹದ ಪುಸ್ತಕವೊಂದನ್ನು ತಂದಿದ್ದೆ. ಚರ್ಮ ಸುಲಿದ ಕೆಂಪು ಸ್ನಾಯುಗಳ ಮನುಷ್ಯ ಒಂದು ಪುಟದಲ್ಲಿ, ಬಿಳಿ ಎಲುಬಿನವನು ಇನ್ನೊಂದರಲ್ಲಿ. ಅದನ್ನು ಸಿಂಕಿನ ಮೇಲೆ ತೆರೆದಿಟ್ಟು ಅಜ್ಜಿಗೆ ಪಾಠ ಹೇಳುತ್ತಿದ್ದೆ.

"ಅಜ್ಜಿ, ಅದು ಹಿಂಜ್ ಜಾಯಿಂಟ್. ಬಾಗಿಲ ಥರ ಒಂದೇ ಕಡೆ ಮಡಚತ್ತೆ."

"ಹಿಂಜೂ ಇಲ್ಲ ಗಿಂಜೂ ಇಲ್ಲ, ಅದು ಮೊಣಕೈ. ನೀರ ಹಾಕು."

"ಭುಜ ಬಾಲ್ ಅಂಡ್ ಸಾಕೆಟ್."

"ಅದನ್ನ ನಿನ್ನ ಪುಸ್ತಕ ಹೇಳಬೇಕೇನು? ಒರಳಾಗ ಗುಂಡು ತಿರಗಿದಂಗ ತಿರಗತದ, ನೋಡಿಲ್ಲಿ." ಅವನ ತೋಳನ್ನು ಸುತ್ತ ತಿರುಗಿಸಿ, ಬಲಗೈಯನ್ನು ಎಡ ಮೊಣಕಾಲಿಗೆ, ಎಡಗೈಯನ್ನು ಬಲ ಮೊಣಕಾಲಿಗೆ ಮುಟ್ಟಿಸುತ್ತಿದ್ದರು. ತೊಡೆ, ಮೀನಖಂಡ, ಬೆನ್ನಿನ ಎರಡು ಸಾಲು, ಯಾವುದನ್ನೂ ಬಿಡುತ್ತಿರಲಿಲ್ಲ. ಅನಿಲ ಅತ್ತೂ ಅತ್ತೂ, ಕೊನೆಗೆ ಕಣ್ಣು ತೇಲಿಸಿ ನಿದ್ದೆಗೆ ಬೀಳುತ್ತಿದ್ದ.

ಕೊನೆಯ ಕೆಲಸ ನೆತ್ತಿಯದು. ಹಣೆಗಿಂತ ಸ್ವಲ್ಪ ಮೇಲೆ, ಎಲುಬಿಲ್ಲದ ಒಂದು ಮೆತ್ತನೆಯ ಜಾಗ. ಚರ್ಮದ ಕೆಳಗೆ ಏನೋ ಟಕ್ ಟಕ್ ಎಂದು ಏಳುತ್ತ ಬೀಳುತ್ತ ಇರುತ್ತಿತ್ತು. ನನ್ನ ಪುಸ್ತಕದ ತಲೆಬುರುಡೆಯಲ್ಲಿ ಅಂಥ ಜಾಗವೇ ಇರಲಿಲ್ಲ.

"ಇನ್ನೂ ತುಂಬಿಲ್ಲವ್ವಾ. ಎಣ್ಣಿ ಹಾಕಿ ಹಾಕಿ ನಾವ ತುಂಬಿಸಬೇಕು," ಎನ್ನುತ್ತಿದ್ದರು ಅಜ್ಜಿ. ದಿನಕ್ಕೊಂದು ಚಮಚ. ಅದರಲ್ಲಿ ಮುಕ್ಕಾಲು ಭಾಗ ಜಾರಿ ಕಿವಿಯ ಕಡೆ ಹರಿಯುತ್ತಿತ್ತು. ಎರಡೂ ಕಿವಿಯ ಹತ್ತಿರ ಹಳೇ ಪಂಚೆಯ ತುಂಡು ಒತ್ತಿ ಹಿಡಿಯುವುದು ನನ್ನ ಕೆಲಸ.

ಆಗಸ್ಟಿನಲ್ಲಿ ಒಂದು ನಾಮಕರಣಕ್ಕೆಂದು ಹ್ಯೂಸ್ಟನ್ನಿಗೆ ಹೋಗಿ ಬಂದೆವು. ಬರುವಾಗ ಕಾರಿನ ಏಸಿ ಕೆಟ್ಟಿತು. ಐದು ಗಂಟೆ ಬಿಸಿಗಾಳಿ. ಮನೆ ಸೇರಿದ ರಾತ್ರಿಯೇ ಅನಿಲನಿಗೆ ಭೇದಿ ಶುರುವಾಯಿತು. ಮಾರನೆಯ ಬೆಳಿಗ್ಗೆ ಅಪ್ಪ ಕೆಲಸದ ಮೇಲೆ ಆಸ್ಟಿನ್ನಿಗೆ ಹೊರಟರು. "ಅವ್ವ ಅದಾಳಲ್ಲ," ಎಂದು ಧೈರ್ಯ ಹೇಳಿ ಹೋದರು.

ಅಜ್ಜಿ ಹಾಲು ನಿಲ್ಲಿಸಿದರು. "ಹೊಟ್ಟಿ ಖಾಲಿ ಇದ್ರ ತಾನ ಕಟ್ಟತದ." ಬಜೆ ತೇಯ್ದು ನೆಕ್ಕಿಸಿದರು. ಮೈಸೂರಿನವರಾದ ನನ್ನ ಅಮ್ಮ ಒಮ್ಮೆ, "ಅತ್ತೆ, ಸ್ವಲ್ಪಾನಾದ್ರೂ ಹಾಲು ಕೊಡ್ಲಾ?" ಎಂದು ಕೇಳಿ ಸುಮ್ಮನಾದರು.

ಅದರ ಮರುದಿನ ಹತ್ತಕ್ಕೆ ಎಂದಿನಂತೆ ಟಬ್ಬು. ಅಂದು ಅವನು ಕೈ ತಿರುಗಿಸಿದರೂ ಅಳಲಿಲ್ಲ. ಅಜ್ಜಿ ನೆತ್ತಿಗೆ ಚಮಚ ಬಗ್ಗಿಸಿದರು. ನಾನು ಬಟ್ಟೆ ಒತ್ತಿ ಕಾದೆ. ಎಣ್ಣೆ ಬರಲಿಲ್ಲ. ಬಗ್ಗಿ ನೋಡಿದರೆ ಒಂದಿಡೀ ಚಮಚ ಎಣ್ಣೆ ಅವನ ತಲೆಯ ಮೇಲೆ, ಪುಟ್ಟ ಬಟ್ಟಲಿನಲ್ಲಿ ಹಾಕಿಟ್ಟಂತೆ, ಅಲ್ಲಾಡದೆ ನಿಂತಿತ್ತು. ಸುತ್ತ ಎಲುಬಿನ ಅಂಚು ಎದ್ದು ಕಾಣುತ್ತಿತ್ತು.

"ಇವತ್ತ ಹ್ಯಾಂಗ ಹಿಡದದ ನೋಡು ಎಣ್ಣಿ!" ಅಜ್ಜಿಗೆ ಸಂತೋಷ. "ಇನ್ನೊಂದು ಚಮಚ ತಾ."

ನಾನು ತರಲಿಲ್ಲ. ಬಟ್ಟೆಯನ್ನು ಕೈಯಲ್ಲೇ ಹಿಡಿದು ಅಮ್ಮನ ಹತ್ತಿರ ಓಡಿದೆ.

"ಅಮ್ಮಾ, ಬಟ್ಟೆ ಒಣಗೇ ಇದೆ."

"ಯಾವ ಬಟ್ಟೆ?"

"ಕಿವೀದು. ಎಣ್ಣೆ ಕೆಳಗೆ ಬರ್ತಾನೇ ಇಲ್ಲ. ಅವನ ತಲೆ ಒಳಗೆ ಹೋಗಿದೆ."

ಅಮ್ಮ ಬಂದು ಬೆರಳಿಟ್ಟು ನೋಡಿದರು. ಅವರ ಮುಖ ನನಗೆ ಈಗಲೂ ಕಾಣುತ್ತದೆ. ಡ್ರೈವಿಂಗ್ ಲೈಸೆನ್ಸ್ ಬಂದು ತಿಂಗಳೂ ಆಗಿರಲಿಲ್ಲ, ಒಬ್ಬರೇ ಎಲ್ಲಿಗೂ ಕಾರು ಒಯ್ದವರಲ್ಲ. ಟವೆಲ್ಲಿನಲ್ಲಿ ಸುತ್ತಿದ ಮಗುವನ್ನು ಹಾಗೇ ಕಾರಿಗೆ ಹಾಕಿ, ನನ್ನನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಹೊರಟರು.

ಆಸ್ಪತ್ರೆಯಲ್ಲಿ ಸಲೈನ್ ಏರಿಸಲು ಅವನ ಕೈಯ ನರ ಸಿಗಲಿಲ್ಲ, ಕಾಲಿನದೂ ಸಿಗಲಿಲ್ಲ. ಕಿವಿಯ ಮೇಲಿನ ಕೂದಲು ಬೋಳಿಸಿ ತಲೆಗೇ ಸೂಜಿ ಚುಚ್ಚಿದರು. ಅಜ್ಜಿ ಗೋಡೆ ಹಿಡಿದುಕೊಂಡರು.

ಡಾಕ್ಟರು ಎತ್ತರದ ಹೆಂಗಸು. ನೆತ್ತಿ ಯಾವಾಗಿನಿಂದ ಹೀಗಾಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಮ್ಮ ನನ್ನನ್ನು ನೋಡಿದರು. ಹಿಂದಿನ ದಿನ ಎಣ್ಣೆ ಕಿವಿಗೆ ಹರಿದಿತ್ತು, ಇವತ್ತು ಹರಿಯಲಿಲ್ಲ ಎಂದೆ. ಹಾಲು ನಿಲ್ಲಿಸಿದ್ದನ್ನೂ ಹೇಳಿದೆ. ಡಾಕ್ಟರು ನನ್ನ ಎತ್ತರಕ್ಕೆ ಬಗ್ಗಿ ವಿವರಿಸಿದರು.

"ಏನಂದ್ರವ್ವಾ ಅವರು?" ಎಂದರು ಅಜ್ಜಿ.

ನಾನೇ ಹೇಳಿದೆ. "ತಲೆಬುರುಡೆ ಒಂದೇ ಎಲುಬಲ್ಲವಂತೆ ಅಜ್ಜಿ. ತುಂಡು ತುಂಡಾಗಿರತ್ತಂತೆ. ಪಾಪು ಮಿದುಳು ಬೆಳೀಬೇಕಲ್ಲ, ಅದಕ್ಕೆ ನಡುವೆ ಜಾಗ. ದೊಡ್ಡವನಾಗ್ತಾ ತಾನೇ ಕೂಡ್ಕೊಳತ್ತಂತೆ, ಎಣ್ಣೆಯಿಂದ ಅಲ್ವಂತೆ. ಅದು ತಗ್ಗಾದ್ರೆ ಮೈಯಲ್ಲಿ ನೀರು ಖಾಲಿ ಆಗಿದೆ ಅಂತ. ಹಾಲು ನಿಲ್ಲಿಸಬಾರದಿತ್ತಂತೆ. ಸಂಜೆವರೆಗೂ ಬಿಟ್ಟಿದ್ರೆ..." ಮುಂದಿನದನ್ನು ಡಾಕ್ಟರು ಹೇಳಿದ್ದರು. ನಾನು ಕನ್ನಡದಲ್ಲಿ ಹೇಳಲಿಲ್ಲ.

ಅಜ್ಜಿ ತಮ್ಮ ಅಂಗೈಗಳನ್ನು ನೋಡಿಕೊಂಡರು. ಎಣ್ಣೆ ಇನ್ನೂ ಹೊಳೆಯುತ್ತಿತ್ತು.

"ನಿಮ್ಮಪ್ಪನಕಿಂತ ಮೊದಲ ಒಂದು ಕೂಸಿತ್ತವ್ವಾ," ಎಂದರು. ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಬ್ಯಾಸಗಿಯೊಳಗ ಹಿಂಗ ಭೇದಿ ಹತ್ತಿತ್ತು. ಅದರ ನೆತ್ತ್ಯಾಗೂ ಎಣ್ಣಿ ಹಿಂಗ ನಿಂತಿತ್ತು. ಛಲೋ ಹಿಡದದ ಅಂತ ನಾ ಇನ್ನೊಂದು ಚಮಚ ಹಾಕಿದ್ದೆ."

ಅಮ್ಮ ಅವರ ಕೈ ಹಿಡಿಯಲು ಹೋದರು. ಅಜ್ಜಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

ಮೂರನೆಯ ದಿನ ಅನಿಲ ನೆಟ್ಟಗಾಗಿ, ಹಸಿವಿನಿಂದ ಆಸ್ಪತ್ರೆಯೇ ಕಿತ್ತುಹೋಗುವಂತೆ ಕಿರುಚಿದ. ಮನೆಗೆ ಬಂದ ಮೇಲೆ ಅಮ್ಮ ಎಷ್ಟೋ ಸಲ, "ಅತ್ತೆ, ನೀವೇ ಎರೀರಿ. ಎಣ್ಣೆ ಬೇಡ ಅಷ್ಟೆ, ನೀರು ಹಾಕಿ," ಎಂದರು. "ಬ್ಯಾಡ, ನೀನ ಹಾಕು," ಎನ್ನುತ್ತಿದ್ದರು ಅಜ್ಜಿ. ಇನ್ನೂ ಎರಡು ತಿಂಗಳು ಇದ್ದರು. ಅವನನ್ನು ಆಡಿಸಿದರು, ಕುಲಾವಿ ಹೊಲಿದರು, ತಲೆಯನ್ನು ಮಾತ್ರ ಮುಟ್ಟಲಿಲ್ಲ. ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಅಪ್ಪ ಅವನನ್ನು ಮುಂದೆ ಹಿಡಿದಾಗ, ಅವನ ತಲೆಯಿಂದ ಗೇಣುದ್ದ ಮೇಲೆ ಅಂಗೈ ಚಾಚಿ ಆಶೀರ್ವಾದ ಮಾಡಿ ಕೈ ಹಿಂತೆಗೆದರು.

ಅಜ್ಜಿ ಆಸ್ಪತ್ರೆಯಲ್ಲಿ ಆಡಿದ ಮಾತನ್ನು ಅಮ್ಮನಾಗಲಿ ನಾನಾಗಲಿ ಅಪ್ಪನಿಗೆ ಹೇಳಲಿಲ್ಲ. ತಾವೇ ಅಜ್ಜಿಯ ಚೊಚ್ಚಲ ಮಗು ಎಂದೇ ಅಪ್ಪ ತಿಳಿದಿದ್ದರು. ಅಜ್ಜಿ ಹೋಗಿ ಇಪ್ಪತ್ತು ವರ್ಷವಾಯಿತು, ಅಪ್ಪ ಹೋಗಿ ನಾಲ್ಕು. ಈಗ ನಾನಿರುವ ಮರ್ಫಿ ಊರಿನ ಮನೆಯ ಮೇಲೆ ವಿಮಾನಗಳು ಬಹಳ ಎತ್ತರದಲ್ಲಿ ಹೋಗುತ್ತವೆ, ಮಾತು ನಿಲ್ಲಿಸಬೇಕಾಗಿಲ್ಲ. ಅಂದು ನಾನು ಬಟ್ಟೆ ಹಿಡಿದು ಓಡಿದ್ದು ಸರಿ, ಡಾಕ್ಟರಿಗೆ ಹೇಳಿದ್ದೂ ಸರಿ. ಆದರೆ ಅಜ್ಜಿ ಹಾಗೆಂದಾಗ ಎದುರಿಗೇ ನಿಂತಿದ್ದೆ, ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಆ ಕೂಸು ಗಂಡೋ ಹೆಣ್ಣೋ, ಅದಕ್ಕೆ ಏನು ಹೆಸರಿಟ್ಟಿದ್ದರೋ, ಹೇಳಬಲ್ಲವರು ಇನ್ನು ಯಾರೂ ಉಳಿದಿಲ್ಲ.