ಗರಗಸಣ್ಣ ತಗ್ಗಿಸಿದ ಕಾರು

ಸ್ಪ್ರಿಂಗು ಕತ್ತರಿಸಿ ಕಾರಿನ ಎತ್ತರ ತಗ್ಗಿಸುವುದರಲ್ಲಿ ಮೆಕ್ಯಾನಿಕ್ ಗರಗಸಣ್ಣನದು ಎತ್ತಿದ ಕೈ. ನಾಲ್ವರು ದಡಿಯರನ್ನು ಕೂರಿಸಿ, ಶೆಡ್ಡಿನೆದುರಿನ ಹಂಪ್ ಹತ್ತಿಸಿ ನೋಡದೆ ಯಾರಿಗೂ ಕೀಲಿ ಕೊಟ್ಟವನಲ್ಲ. ತಂಗಿಯ ಗಂಡನಿಗೆ ಮಾತ್ರ, ಮನೆಯವನೆಂದು, ಹಾಗೇ ಕೊಟ್ಟ.

"ತಿರುವಲ್ಲಿ ನೆಲ ಕಚ್ಚಿ ಓಡುತ್ತೆ ಕಣಪ್ಪ. ಹಂಪಲ್ಲಿ ಮೆಲ್ಲಗೆ ಹೋಗು, ಹೊಟ್ಟೆ ಬಡಿಯುತ್ತೆ."

"ಹೊಟ್ಟೆ ಇರೋದು ನಿಮಗೆ ಭಾವ, ನನ್ನ ಕಾರಿಗಲ್ಲ!"

ಸಂಜೆ ಅವನೇ ಜಾಕಿ ರಾಡು ಹಿಡಿದು ಶೆಡ್ಡಿಗೆ ನುಗ್ಗಿದ. "ಹಂಪಿಗೆ ಬಡೀತು! ನಿಮ್ಮ ತಂಗಿ ಹಣೆ ಒಡೆದು ಆಸ್ಪತ್ರೇಲಿ ಹೊಲಿಗೆ ಹಾಕ್ತಿದಾರೆ!"

ಮೊದಲ ಏಟಿಗೆ ಗರಗಸಣ್ಣನ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಅವನು ಕೈಯೆತ್ತಲಿಲ್ಲ. ಎರಡನೆಯ ಏಟಿಗೆ ರಾಡನ್ನು ಗಪ್ಪನೆ ಹಿಡಿದ.

"ಓಡಿಸಿ ನೋಡದೆ ಕೊಟ್ಟಿದ್ದಕ್ಕೆ ಆ ಏಟು ನಂದು. ಅವಳನ್ನ ಕೂರಿಸ್ಕೊಂಡು ಹಂಪ್ ಹಾರಿಸಿದ್ದಕ್ಕೆ ಇದು ಯಾರದು?"

ಉತ್ತರ ಬರುವ ಮೊದಲೇ ಕಿತ್ತುಕೊಂಡ ರಾಡಿನಿಂದ ತಂಗಿಯ ಗಂಡನ ಮೊಣಕೈ ಮುರಿದ. ಆಮೇಲೆ ಅವನನ್ನೇ ಹೆಗಲಿಗೆ ಹಾಕಿಕೊಂಡು, ತಂಗಿಯಿದ್ದ ಆಸ್ಪತ್ರೆಗೆ ನಡೆದ.